ಕಾಪುವಿನ ಆ ಮುಚ್ಚಿದ ಕೋಣೆ

ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಆಂಬುಲೆನ್ಸ್ ಸೈರನ್ ಹಾಕಿಕೊಂಡೇ ಕಾಪುವಿನ ಆ ಓಣಿಗೆ ನುಗ್ಗಿತು. ಕೆಲಸ ಕೆಡಲು ಶುರುವಾದದ್ದು ಆ ನಿಮಿಷದಲ್ಲಿ. ನಾನು ಮಲ್ಪೆಯಲ್ಲಿ ಒಂದು ಮನೆಭೇಟಿ ಮುಗಿಸಿ ರಿಕ್ಷಾದಲ್ಲಿ ಬರುತ್ತಿದ್ದೆ. ನಾನಿನ್ನೂ ಕಟಪಾಡಿ ದಾಟುತ್ತಿದ್ದಾಗಲೇ ನಮ್ಮ ಗಾಡಿ ಹೆದ್ದಾರಿಯಿಂದ ಓಣಿಗೆ ತಿರುಗಿತ್ತು. ನಾನು ಬರುವವರೆಗೆ ಹೆದ್ದಾರಿಯಲ್ಲೇ ನಿಲ್ಲಿ ಎಂದು ಫೋನಿನಲ್ಲಿ ಹೇಳಿದ್ದೆ. ನಿಲ್ಲಲಿಲ್ಲ. ರೋಗಿಯ ಸ್ಥಿತಿ ಹಾಗಿತ್ತು, ಅವರನ್ನೂ ದೂರುವಂತಿರಲಿಲ್ಲ.

ಎಂ.ಎಸ್.ಡಬ್ಲ್ಯೂ. ಮುಗಿಸಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಈಗಲೂ ಕಾರ್ಕಳದ ನಮ್ಮ ಮನೆಗೆ ಬರುತ್ತಾರೆ. ಮುಸ್ಲಿಂ ಕುಟುಂಬಗಳ ಜೊತೆ ಕೆಲಸ ಮಾಡುವಾಗ ಏನೇನು ಮಾಡಬೇಕು, ಏನೇನು ಮಾಡಬಾರದು, ಒಂದಿಷ್ಟು ಹೇಳಿ ಮೇಡಂ ಎಂದು ಕೇಳುತ್ತಾರೆ. ನಾನು ಒಂದು ಆಸ್ಪತ್ರೆಯ ಸಮಾಜಕಾರ್ಯ ವಿಭಾಗದಲ್ಲಿ ನಿವೃತ್ತಳಾದವಳು. ಎಷ್ಟೋ ವರ್ಷ ಉಡುಪಿ, ಕಾಪು, ಕಾರ್ಕಳದ ಮನೆಗಳಿಗೆ ಹೋಗಿ ಕುಳಿತು ಬಂದವಳು. ಆದರೂ ಹಾಗೆ ಮಾಡಿ, ಹೀಗೆ ಮಾಡಬೇಡಿ ಎಂದು ಒಂದೇ ಉಸಿರಿಗೆ ಹೇಳಲು ನನಗೆ ಬರುವುದಿಲ್ಲ. ಆ ದಿನ ಏನಾಯಿತು ಎಂದು ಹೇಳಬಲ್ಲೆ. ಹೇಳುವಾಗ ನಡುವೆ ನಿಂತುಬಿಡುತ್ತೇನೆ, ಅದಕ್ಕೆ ಈಗ ಬರೆಯುತ್ತಿದ್ದೇನೆ.

ನಸೀಮಾ ಎಂಬ ಹುಡುಗಿ ಎಂಟು ತಿಂಗಳ ಬಸುರಿ. ಊರು ಕಾರ್ಕಳ, ಗಂಡನ ಮನೆ ಕಾಪು. ಗಂಡ ಅಶ್ರಫ್ ಕಟಪಾಡಿಯಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದವನು, ಹೆದ್ದಾರಿಯ ಅಪಘಾತದಲ್ಲಿ ತೀರಿಕೊಂಡು ಎರಡು ವಾರ ಆಗಿರಲಿಲ್ಲ. ಅವಳು ಇದ್ದತ್‌ನಲ್ಲಿದ್ದಳು. ಗಂಡ ಸತ್ತ ಹೆಂಗಸು ಮನೆಯೊಳಗೇ ಇದ್ದು, ಸಿಂಗಾರ ಬಿಟ್ಟು, ಹೊರಗಿನ ಗಂಡಸರ ಕಣ್ಣಿಗೆ ಬೀಳದೆ ಕಳೆಯುವ ಶೋಕದ ಕಾಲವೇ ಇದ್ದತ್. ಆ ಬೆಳಿಗ್ಗೆ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ನೋಡಿದರೆ ನಸೀಮಾಳ ಕಾಲು ಮುಖ ಊದಿದೆ, ರಕ್ತದೊತ್ತಡ ಮೇಲೇರಿದೆ, ತಲೆನೋವು ತಡೆಯಲಾಗುತ್ತಿಲ್ಲ. ನಮ್ಮ ಹೆರಿಗೆ ವಿಭಾಗದ ಡಾಕ್ಟರಮ್ಮ ಫೋನಿನಲ್ಲಿ ಕೇಳಿದವರೇ, "ತಕ್ಷಣ ಕರೆತನ್ನಿ, ಫಿಟ್ಸ್ ಬಂದರೆ ತಾಯಿಯೂ ಉಳಿಯುವುದಿಲ್ಲ, ಮಗುವೂ ಉಳಿಯುವುದಿಲ್ಲ" ಎಂದರು.

ಗಾಡಿಯಲ್ಲಿ ಹೋದವರು ಡ್ರೈವರ್ ಮತ್ತು ತುರ್ತು ಚಿಕಿತ್ಸೆಯ ತರಬೇತಿ ಪಡೆದ ಸುಧಾಕರ ಎಂಬ ಸಹಾಯಕ. ಸುಧಾಕರ ಕೆಲಸದಲ್ಲಿ ಚುರುಕು, ಮನುಷ್ಯನೂ ಒಳ್ಳೆಯವನು. ಅವನು ಸ್ಟ್ರೆಚರ್ ಹಿಡಿದು ಚಾವಡಿ ದಾಟಿ, ಯಾರನ್ನೂ ಕೇಳದೆ, ನಸೀಮಾ ಮಲಗಿದ್ದ ಕೋಣೆಗೇ ಹೋಗಿ ನಿಂತ. ಅವಳ ತಲೆಯ ಮೇಲೆ ಬಟ್ಟೆ ಇರಲಿಲ್ಲ. ಅವಳು ಕಿರುಚಿದಳು. ಅವನು ಹೆದರಿ ಹೊರಗೆ ಬಂದ, ಅವಳು ಎದ್ದು ಬಾಗಿಲು ಹಾಕಿ ಒಳಗಿನಿಂದ ಅಗುಳಿ ಜಡಿದಳು.

ಆಮೇಲೆ ಒಂದು ಧ್ವನಿಸಂದೇಶ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಇದ್ದತ್‌ನಲ್ಲಿರುವ ಹೆಣ್ಣನ್ನು ಗಂಡಸರು ಬಂದು ಎಳೆದುಕೊಂಡು ಹೋಗುತ್ತಿದ್ದಾರಂತೆ ಎಂದು. ನಾನು ರಿಕ್ಷಾ ಇಳಿಯುವಾಗ ಓಣಿಯ ತುಂಬ ಬೈಕುಗಳು ಅಡ್ಡ ನಿಂತಿದ್ದವು. ಅಶ್ರಫನ ತಮ್ಮ ಇಲ್ಯಾಸ್ ಆಂಬುಲೆನ್ಸಿನ ಕೀ ಕಿತ್ತು ಕೈಯಲ್ಲಿ ಹಿಡಿದಿದ್ದ. ಡ್ರೈವರ್ ಸೀಟಿನಲ್ಲೇ ಬೆವರುತ್ತಿದ್ದ. ನಾನು ಗಾಡಿಯ ಪಕ್ಕಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ಯಾರೋ ಎಸೆದ ಕಲ್ಲು ಬದಿಯ ಕನ್ನಡಿಗೆ ಬಿತ್ತು. ಒಂದು ಚೂರು ನನ್ನ ಕೆನ್ನೆಗೆ ತಾಗಿತು.

"ಯಾರು ನೀವು?" ಎಂದ ಇಲ್ಯಾಸ್.

"ಆಸ್ಪತ್ರೆಯವಳು. ನಿನ್ನ ಅತ್ತಿಗೆಯನ್ನು ನೋಡ್ಲಿಕ್ಕೆ ಬಂದದ್ದು."

"ನೋಡಿ ಆಯ್ತಲ್ಲ ನಿಮ್ಮವರು. ಕೋಣೆಗೇ ನುಗ್ಗಿ ನೋಡಿದ್ದಾರೆ."

"ಅದು ತಪ್ಪು. ನಮ್ಮದೇ ತಪ್ಪು. ಈಗ ಕೀ ನಿನ್ನ ಹತ್ರವೇ ಇರ್ಲಿ, ಜೋಪಾನ. ನಾನು ಕೇಳುವವರೆಗೆ ಯಾರಿಗೂ ಕೊಡಬೇಡ."

ನಾನು ಕೀ ಕೇಳುತ್ತೇನೆ, ತಾನು ಇಲ್ಲ ಅನ್ನುತ್ತೇನೆ ಎಂದು ಅವನು ತಯಾರಾಗಿದ್ದ. ಕೇಳದೆ ಇದ್ದಾಗ ಏನು ಮಾಡುವುದೆಂದು ತಿಳಿಯದೆ ದಾರಿ ಬಿಟ್ಟ. ಕೆನ್ನೆಯ ರಕ್ತ ಸೆರಗಿನಲ್ಲಿ ಒರೆಸಿಕೊಂಡು ಒಳಗೆ ಹೋದೆ. ಧೈರ್ಯ ಎಂದು ಯಾರೂ ತಿಳಿಯಬೇಡಿ. ಅಲ್ಲೇ ನಿಂತರೆ ಇನ್ನೊಂದು ಕಲ್ಲು ಬೀಳಬಹುದು ಎಂಬ ಹೆದರಿಕೆ.

ಒಳಗೆ ಅತ್ತೆ ಬೀಫಾತಿಮ್ಮ ಮುಚ್ಚಿದ ಬಾಗಿಲಿನ ಎದುರು ಕುಳಿತಿದ್ದರು. ಪಕ್ಕದಲ್ಲಿ ಒಂದು ಬ್ಯಾಗು. ನನ್ನ ಕುತ್ತಿಗೆಯ ಶಿಲುಬೆ ನೋಡಿ, ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಬಾಯಮ್ಮ ಎಂದೇ ಕರೆದರು.

"ಬನ್ನಿ ಬಾಯಮ್ಮ. ನಾನು ಹೋಗುದು ಬೇಡ ಹೇಳಿದ್ದು ಅಂತ ಹೊರಗೆ ಹೇಳ್ತಿದ್ದಾರಂತೆ. ನಾನು ಯಾವಾಗ ಹೇಳಿದೆ? ಇಗೋ ಬ್ಯಾಗು. ಮಗುವಿನ ಬಟ್ಟೆ, ಫ್ಲಾಸ್ಕ್, ಎಲ್ಲ ಉಂಟು. ನಾನು ಕಾಯ್ತಾ ಇದ್ದದ್ದು. ನಿಮ್ಮವರು ಒಂದು ಮಾತು ಕೇಳಿದ್ರೆ ನಾನೇ ಕೈ ಹಿಡಿದು ಕರ್ಕೊಂಡು ಬರ್ತಿರ್ಲಿಲ್ವಾ?"

ಅಷ್ಟರಲ್ಲಿ, ಡ್ರೈವರಿನಿಂದ ವಿಷಯ ತಿಳಿದ ನಮ್ಮ ವಿಭಾಗದ ಮುಖ್ಯಸ್ಥ ರಾವ್ ಸರ್ ಫೋನು. "ಅವರ ಧರ್ಮದಲ್ಲಿ ಹೊರಗೆ ಕಳಿಸುವುದಿಲ್ಲ ಫ್ಲೋರಾ. ವಾದ ಮಾಡಿ ಸಮಯ ಹಾಳು ಮಾಡಬೇಡಿ. ಪೊಲೀಸರಿಗೆ ಹೇಳಿ ಬಾಗಿಲು ತೆಗೆಸೋಣ."

"ಸ್ವಲ್ಪ ಹೊತ್ತು ಕೊಡಿ ಸರ್. ಬಾಗಿಲು ಹಾಕಿದ್ದು ಇವರಲ್ಲ."

ರಾವ್ ಸರ್ ಬಗ್ಗೆ ಒಂದು ಮಾತು ಇಲ್ಲಿ ಹೇಳಬೇಕು. ಕೆಟ್ಟವರಲ್ಲ. ಬಡ ರೋಗಿಗಳಿಗಾಗಿ ಆಡಳಿತದವರ ಬಳಿ ಜಗಳವಾಡಿದ್ದನ್ನು ನಾನೇ ನೋಡಿದ್ದೇನೆ. ಆದರೆ ಮುಸ್ಲಿಮರು ಎಂದರೆ ಎಲ್ಲರೂ ಒಂದೇ ಎಂಬುದು ಅವರ ನಂಬಿಕೆ. ಒಮ್ಮೆ ಹೆರಿಗೆ ವಾರ್ಡಿಗೆ ದೊಡ್ಡದೊಂದು ಉರ್ದು ಪೋಸ್ಟರ್ ಮಾಡಿಸಿ ಹಾಕಿಸಿದರು. ನಮ್ಮ ವಾರ್ಡಿಗೆ ಬರುವ ಮುಸ್ಲಿಂ ಹೆಂಗಸರಲ್ಲಿ ಹೆಚ್ಚಿನವರು ಕರಾವಳಿಯ ಬ್ಯಾರಿಗಳು. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಉರ್ದು ಅವರಿಗೆ ಎಷ್ಟು ದೂರವೋ ನನಗೂ ಅಷ್ಟೇ ದೂರ. ವಾರ ಕಳೆದು ನೋಡಿದರೆ ಆ ಸಾಲಿನ ಬಾಣಂತಿಯರೆಲ್ಲ ತಲೆ ಕಾಲು ತಿರುಗಿಸಿ ಮಲಗಿದ್ದಾರೆ. ನರ್ಸುಗಳಿಗೆ ಗ್ಲೂಕೋಸ್ ಸ್ಟ್ಯಾಂಡ್ ಎಳೆದಾಡಿ ಸಾಕಾಗಿದೆ. ಯಾಕೆ ಎಂದು ಒಬ್ಬ ಅಜ್ಜಿಯನ್ನು ಕೇಳಿದೆ. "ಗೋಡೆಯಲ್ಲಿ ಕುರಾನಿನ ಮಾತು ಬರ್ದಿದ್ದಾರಲ್ಲ ಬಾಯಮ್ಮ, ಅದಕ್ಕೆ ಕಾಲು ಮಾಡಿ ಮಲಗ್ಲಿಕ್ಕಾಗ್ತದಾ?" ಅರಬಿ ಅಕ್ಷರದಂತೆ ಕಂಡ ಆ ಪೋಸ್ಟರಿನಲ್ಲಿ ಇದ್ದದ್ದು ಮಗುವನ್ನು ಎತ್ತಿಕೊಳ್ಳುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ ಎಂದು. ರಾವ್ ಸರ್‌ಗೆ ಹೇಳಿದರೆ, "ಒಟ್ಟಿನಲ್ಲಿ ಗೌರವ ಕೊಟ್ಟರಲ್ಲ" ಎಂದರು.

ಆ ದಿನ ಅವರು ಪೊಲೀಸರ ಮಾತೆತ್ತಿದಾಗ ನನಗೆ ಭಯವಾದದ್ದು ಓಣಿಯ ಹುಡುಗರದ್ದಲ್ಲ. ಬಾಗಿಲು ಒಡೆಯುವ ಸದ್ದಿಗೇ ಆ ಹುಡುಗಿಗೆ ಫಿಟ್ಸ್ ಬರಬಹುದಿತ್ತು.

ಬೀಫಾತಿಮ್ಮ ಮಸೀದಿಯ ಉಸ್ತಾದರಿಗೆ ಮೊದಲೇ ಹೇಳಿ ಕಳಿಸಿದ್ದರು. ಮದ್ರಸದಲ್ಲಿ ಮಕ್ಕಳಿಗೆ ಪಾಠ ಹೇಳುವ, ಮೂವತ್ತು ದಾಟಿರದ ಮನುಷ್ಯ. ಬಂದವರು ಚಾವಡಿಯಲ್ಲೇ, ಕೋಣೆಯ ಕಡೆಗೆ ಬೆನ್ನು ಮಾಡಿ ನಿಂತು, ಒಳಗೆ ಕೇಳುವ ಹಾಗೆ ಹೇಳಿದರು: "ಜೀವಕ್ಕೆ ಅಪಾಯ ಇರುವಾಗ ಇದ್ದತ್‌ನಲ್ಲಿ ಹೊರಗೆ ಹೋಗಬಹುದು. ಇದರಲ್ಲಿ ಸಂಶಯ ಬೇಡ. ಆಸ್ಪತ್ರೆಗೆ ಹೋಗು ತಂಗಿ."

ಎಲ್ಲರೂ ಉಸಿರು ಬಿಟ್ಟರು. ಬಾಗಿಲು ತೆರೆಯಲಿಲ್ಲ.

ಆಗ ನಾನು ಬಾಗಿಲಿಗೆ ಒರಗಿ ನೆಲದಲ್ಲಿ ಕುಳಿತೆ. ಗಂಡಸರನ್ನು ಹೊರಗಿನ ಮೆಟ್ಟಿಲಿಗೆ ಕಳಿಸಿ ಎಂದು ಬೀಫಾತಿಮ್ಮನಿಗೆ ಸನ್ನೆ ಮಾಡಿದೆ.

"ನಸೀಮಾ, ನಾನು ಫ್ಲೋರಾ. ಕಾರ್ಕಳದವಳು. ನಿನ್ನ ತಾಯಿಮನೆ ಎಲ್ಲಿ ಆಗ್ತದೆ?"

ಅವಳು ಬಾಗಿಲಿನ ಹತ್ತಿರ ಬಂದ ಹೆಜ್ಜೆ ಕೇಳಿತು. ಮತ್ತೆ, "ಬಂಗ್ಲೆಗುಡ್ಡೆ" ಎಂದಳು.

"ತಲೆನೋವು ಹೇಗುಂಟು?"

"ಕಣ್ಣೆದುರು ಬಿಳಿ ಬಿಳಿ ಬರ್ತದೆ ಮೇಡಂ."

ಅದು ಫಿಟ್ಸಿನ ಮುನ್ಸೂಚನೆ ಎಂದು ಡಾಕ್ಟರಮ್ಮ ಹೇಳಿದ್ದರು. ಆದರೂ ಸ್ವರ ಏರಿಸಲಿಲ್ಲ.

"ಉಸ್ತಾದರು ಹೇಳಿದ್ದು ಕೇಳಿತಲ್ವಾ?"

"ಹೊರಗೆ ಹೋಗಬಹುದು ಅಂತ ನನಗೆ ಮೊದಲೇ ಗೊತ್ತುಂಟು ಮೇಡಂ. ಅದಲ್ಲ."

"ಮತ್ತೆ? ಆಸ್ಪತ್ರೆಗೆ ಹೋದರೆ ಎಂತ ಆಗ್ತದೆ ಅಂತ ನಿನಗೆ ಹೆದರಿಕೆ?"

ಆ ಬೆಳಿಗ್ಗೆ ಯಾರೂ ಅವಳನ್ನು ಇದನ್ನು ಕೇಳಿರಲಿಲ್ಲ. ಅವಳು ತಿರುಗಿ ನನ್ನನ್ನೇ ಕೇಳಿದಳು. "ಅಲ್ಲಿ ಹೋದರೆ ಮಗುವನ್ನು ಇವತ್ತೇ ತೆಗೀತಾರಾ?"

ಇಲ್ಲ ಎಂದರೆ ಬಾಗಿಲು ತೆರೆಯುತ್ತದೆ ಎಂದು ನನಗೆ ತಿಳಿಯಿತು. ಆದರೆ ಸುಳ್ಳು ಹೇಳಿ ತೆರೆಸಿದ ಬಾಗಿಲು ಎಷ್ಟು ದಿನ ತೆರೆದಿರುತ್ತದೆ? "ತೆಗೀಬಹುದು" ಎಂದೆ. "ನಿನ್ನನ್ನು ಉಳಿಸ್ಲಿಕ್ಕೆ ಅದೇ ದಾರಿ ಅಂತ ಡಾಕ್ಟರಮ್ಮ ಹೇಳಿದ್ದಾರೆ."

"ಹಾಗಾದರೆ ಇವತ್ತಿಗೇ ಇದ್ದತ್ ಮುಗೀತದೆ" ಎಂದಳು.

ಆಗ ನನಗೆ ಅರ್ಥವಾಯಿತು. ಗಂಡ ಸತ್ತವಳಿಗೆ ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಬಸುರಿಯಾದರೆ ಹಾಗಲ್ಲ, ಹೆರಿಗೆಯಾದ ಗಳಿಗೆಗೆ ಮುಗಿಯುತ್ತದೆ. ಇದು ನನಗೂ ಗೊತ್ತಿತ್ತು, ಉಸ್ತಾದರಿಗಂತೂ ಗೊತ್ತೇ ಇತ್ತು. ಆದರೆ ನಾವೆಲ್ಲ ಮನೆಯ ಹೊಸ್ತಿಲನ್ನೇ ನೋಡುತ್ತಿದ್ದೆವು.

ಬಾಗಿಲಿನ ಆಚೆ ಅವಳು ಅಳುತ್ತಾ ಹೇಳುತ್ತಿದ್ದಳು. "ನಮ್ಮ ಮನೆಯಲ್ಲಿ ಒಪ್ಪಲಿ ಅಂತ ಅವರು ನನಗೋಸ್ಕರ ಎಷ್ಟು ವರ್ಷ ಕಾದರು ಗೊತ್ತುಂಟಾ ಮೇಡಂ? ನಾನು ಅವರಿಗೋಸ್ಕರ ಎರಡು ವಾರವೂ ಕೂರಬಾರದಾ? ಇಷ್ಟಕ್ಕೇ ಮುಗೀತಾ ಅಂತ ಜನ ಕೇಳುದಿಲ್ವಾ? ಜನ ಹೋಗ್ಲಿ. ಅವರು ಕೇಳಿದರೆ ನಾನು ಎಂತ ಹೇಳುದು?"

ಇದಕ್ಕೆ ಉತ್ತರ ಕೊಡುವ ಅಧಿಕಾರ ನನ್ನದಲ್ಲ. ಎಷ್ಟು ಓದಿದರೂ ಅಲ್ಲ. ಎದ್ದು ಹೋಗಿ ಮೆಟ್ಟಿಲಲ್ಲಿ ನಿಂತಿದ್ದ ಉಸ್ತಾದರಿಗೆ ಹೇಳಿದೆ. ಅವರ ಮುಖ ಸಣ್ಣದಾಯಿತು. "ನಾನು ಬೇರೆ ಪ್ರಶ್ನೆಗೆ ಉತ್ತರ ಕೊಟ್ಟೆ ಅಲ್ವಾ" ಎಂದವರೇ ಚಾವಡಿಗೆ ಬಂದು ಗೋಡೆಯ ಕಡೆ ಮುಖ ಮಾಡಿ ಕುಳಿತರು.

"ತಂಗಿ, ಇದ್ದತ್ ಮುಗಿಸುವವಳು ನೀನಲ್ಲ. ಮಗು ಹುಟ್ಟುವ ಗಳಿಗೆಯನ್ನು ಬರೆದವನು ಅಲ್ಲಾಹ್. ಅವನು ಬೇಗ ಮುಗಿಸಿದರೆ ಅದು ನಿನ್ನ ಲೋಪ ಅಲ್ಲ."

ಒಳಗೆ ಅಳು ನಿಂತಿತು, ಅಗುಳಿ ಅಲುಗಲಿಲ್ಲ. ಬೀಫಾತಿಮ್ಮ ಎದ್ದು ಬಾಗಿಲಿಗೆ ಅಂಗೈ ಇಟ್ಟರು. ಅವರು ಬ್ಯಾರಿಯಲ್ಲಿ ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

"ನಸೀಮಾ, ಅವನನ್ನು ಹೆತ್ತವಳು ನಾನು. ನನಗೆ ಇದ್ದತ್ ಇಲ್ಲ. ತಾಯಿಗೆ ಕೊಟ್ಟದ್ದು ಮೂರೇ ದಿನ. ನಾಲ್ಕನೆಯ ದಿನ ನಾನು ಎದ್ದು ಒಲೆ ಹಚ್ಚಿದೆ, ನಿನಗೆ ಗಂಜಿ ಮಾಡಿದೆ. ನನ್ನ ದುಃಖ ಮೂರು ದಿನಕ್ಕೆ ಮುಗಿಯಿತು ಅಂತ ನೀನು ಗ್ರಹಿಸಿದ್ದಾ?"

ಅವರು ಹಣೆಯನ್ನೂ ಬಾಗಿಲಿಗೆ ಆನಿಸಿದರು.

"ಕೂತು ಅಳುವುದಿದ್ದರೆ ಜೀವ ಇರುವಷ್ಟು ದಿನ ಇಬ್ಬರೂ ಒಟ್ಟಿಗೆ ಅಳುವ. ಅದಕ್ಕೆ ನೀನು ಬೇಕಲ್ಲ ಮಗಳೇ."

ಅಗುಳಿ ಸರಿದ ಸದ್ದು ನನ್ನ ವೃತ್ತಿಯಲ್ಲಿ ನಾನು ಕೇಳಿದ ಅತ್ಯಂತ ಒಳ್ಳೆಯ ಸದ್ದು.

ಮುಂದಿನದೆಲ್ಲ ಬೀಫಾತಿಮ್ಮನ ಆಡಳಿತ. ಸುತ್ತಲಿನ ಮನೆಗಳ ಹೆಂಗಸರು ಬೆಡ್‌ಶೀಟು, ಕೊಡೆ, ಸಿಕ್ಕಿದ್ದೆಲ್ಲ ಹಿಡಿದು ಬಂದರು. ಬಾಗಿಲಿನಿಂದ ಆಂಬುಲೆನ್ಸಿನವರೆಗೆ ಎರಡೂ ಬದಿಗೆ ಬಟ್ಟೆಯ ಗೋಡೆ ಎದ್ದಿತು. ಬೀಫಾತಿಮ್ಮ ಮೆಟ್ಟಿಲಲ್ಲಿ ನಿಂತು ಕಿರಿಯ ಮಗನನ್ನು ಕರೆದರು.

"ಇಲ್ಯಾಸ್, ಕಲ್ಲು ಬಿಸಾಡಿದ ಶೂರ ಯಾರು ಅಂತ ರಾತ್ರಿ ಕೇಳ್ತೇನೆ. ಈಗ ಆ ಕೀ ಕೊಡು. ಎಲ್ಲರೂ ಆಚೆ ತಿರುಗಿ ನಿಲ್ಲಿ. ನೀನು ಬೈಕಲ್ಲಿ ಗಾಡಿಯ ಮುಂದೆ ಹೋಗು, ಹಾರ್ನಿನಿಂದ ಕೈ ತೆಗೀಬೇಡ."

ಗಾಡಿ ತಡೆಯಲು ಬಂದ ಹುಡುಗರು ಓಣಿಯ ಉದ್ದಕ್ಕೂ ಬೆನ್ನು ಮಾಡಿ ಸಾಲಾಗಿ ನಿಂತರು. ಬಟ್ಟೆಯ ನಡುವೆ, ಅತ್ತೆಯ ಹೆಗಲು ಹಿಡಿದು, ನಸೀಮಾ ನಡೆದು ಬಂದಳು. ಇಲ್ಯಾಸ್ ನನ್ನ ಕೈಗೆ ಕೀ ಕೊಡುವಾಗ ಕೆನ್ನೆಯ ಗಾಯ ನೋಡಿ ತಲೆ ತಗ್ಗಿಸಿದ. "ಮತ್ತೆ ಮಾತಾಡುವ" ಎಂದೆ. ನಾಲ್ಕಾರು ಬೈಕು ಮುಂದೆ ಓಡಿದವು. ಸುಧಾಕರ ಮುಂದೆ ಡ್ರೈವರ್ ಪಕ್ಕ, ಹಿಂದೆ ನಾನು, ಅತ್ತೆ, ಸೊಸೆ.

ಉದ್ಯಾವರದ ಸೇತುವೆ ಏರುವಾಗ ಫಿಟ್ಸ್ ಬಂತು.

ನಾನು ಈಗಲೂ ಮತ್ತೆ ಮತ್ತೆ ನೋಡುವುದು ಇದನ್ನೇ. ಅವಳು ಏನೋ ಹೇಳುತ್ತಿದ್ದವಳು ಅರ್ಧದಲ್ಲಿ ನಿಲ್ಲಿಸಿದಳು. ಕಣ್ಣು ಒಂದು ಬದಿಗೆ ಸರಿಯಿತು. ದವಡೆ ಕಚ್ಚಿಕೊಂಡ ಸದ್ದು ಕೇಳಿತು. ದೇಹವೆಲ್ಲ ಹಲಗೆಯಾಗಿ, ಆಮೇಲೆ ಜರ್ಕು ಹೊಡೆಯತೊಡಗಿತು. ತುಟಿ ನೀಲಿಯಾಯಿತು. ನಾನು ಓದಿದ್ದು ಸಮಾಜಕಾರ್ಯ, ನರ್ಸಿಂಗ್ ಅಲ್ಲ. ಅವಳ ಕೈ ಹಿಡಿದು ಹೆಸರು ಕರೆಯುವುದು ಬಿಟ್ಟು ನನಗೆ ಏನೂ ತೋಚಲಿಲ್ಲ. ಮುಂದಿನ ಕಿಟಕಿಯಲ್ಲಿ ಸುಧಾಕರನ ಮುಖ ಕಂಡಿತು. ಗಾಡಿ ನಿಲ್ಲಿಸಿ ಹಿಂದೆ ಓಡಿ ಬಂದವನು, ಬಾಗಿಲು ತೆರೆದು, ಹತ್ತದೆ ನಿಂತ. ಆ ಕೋಣೆಯಲ್ಲಿ ಕೇಳಿದ ಕಿರುಚಾಟ ಅವನ ಕಿವಿಯಲ್ಲೇ ಇತ್ತು.

"ಅಮ್ಮಾ, ಬರಬಹುದಾ?" ಎಂದು ಬೀಫಾತಿಮ್ಮನನ್ನು ಕೇಳಿದ.

"ಬಾ ಮಗ, ಹತ್ತು. ಮುಟ್ಟು. ನಿನಗೆ ಗೊತ್ತಿದ್ದದ್ದನ್ನೆಲ್ಲ ಮಾಡು."

ಅವನು ಅವಳನ್ನು ಎಡಮಗ್ಗುಲಿಗೆ ಹೊರಳಿಸಿದ, ಬಾಯಿಯ ನೊರೆ ತೆಗೆದ, ಆಮ್ಲಜನಕದ ಮಾಸ್ಕ್ ಇಟ್ಟ, ಡಾಕ್ಟರಮ್ಮನಿಗೆ ಫೋನು ಹಚ್ಚಿ ಅವರು ಹೇಳಿದ ಇಂಜೆಕ್ಷನ್ ಕೊಟ್ಟ. ಬೀಫಾತಿಮ್ಮ ಸೊಸೆಯ ತಲೆಯ ಬಟ್ಟೆ ಜಾರದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸುಧಾಕರನಿಗೆ ಬೇಕಾದ್ದನ್ನು ಎತ್ತಿ ಕೊಡುತ್ತಿದ್ದರು. ಆ ಜರ್ಕು ನಿಂತಾಗ ಅವಳು ಹೋದಳು ಎಂದೇ ತಿಳಿದೆ. ಆಮೇಲೆ ಮಾಸ್ಕಿನ ಒಳಗೆ ಉಸಿರಿನ ಮಂಜು ಕಂಡಿತು. ಬೈಕುಗಳು ಉಡುಪಿಯ ದಾರಿಯನ್ನು ಸೀಳಿಕೊಂಡು ಹೋದವು. ಗುಡ್ಡದ ಮೇಲಿನ ನಮ್ಮ ಆಸ್ಪತ್ರೆಯ ಬಾಗಿಲಲ್ಲೇ ಡಾಕ್ಟರಮ್ಮ ನಿಂತಿದ್ದರು.

ಆ ಸಂಜೆ ಹೆಣ್ಣು ಮಗು ಹುಟ್ಟಿತು. ಅಂಗೈಯಷ್ಟು ಗಾತ್ರ, ಸ್ವರ ಮಾತ್ರ ಓಣಿಗೆ ಕೇಳುವಷ್ಟು. ತಾಯಿಗೆ ಮರುದಿನ ಎಚ್ಚರವಾಯಿತು. ಕಾರಿಡಾರಿನಲ್ಲಿ ಇಲ್ಯಾಸ್ ಮತ್ತು ಅವನ ಗೆಳೆಯರು ರಕ್ತ ಕೊಡಲು ತೋಳು ಮಡಚಿ ನಿಂತಿದ್ದನ್ನು ರಾವ್ ಸರ್ ನೋಡಿದರು. ನನ್ನ ಪಕ್ಕ ಬಂದು, "ಪೊಲೀಸರು ಬಂದಿದ್ದರೆ?" ಎಂದರು.

"ಆ ಒಂದು ಬಾಗಿಲು ಒಡೆಯುತ್ತಿತ್ತು ಸರ್. ಆಮೇಲೆ ಆ ಓಣಿಯಲ್ಲಿ ಇನ್ನೊಂದು ಬಾಗಿಲು ನಮಗೆ ತೆರೆಯುತ್ತಿರಲಿಲ್ಲ."

ರಾವ್ ಸರ್ ಆ ಉರ್ದು ಪೋಸ್ಟರನ್ನು ಮರುವಾರ ತಾವೇ ನಿಂತು ತೆಗೆಸಿದರು. ನಮ್ಮ ಕೆಲಸದ ರೀತಿಯೂ ಬದಲಾಯಿತು. ಓಣಿಯ ಒಳಗೆ ಸೈರನ್ ಬಂದ್ ಆಯಿತು. ಹೆರಿಗೆಯ ಕರೆ ಬಂದರೆ ಗಾಡಿಯಲ್ಲಿ ಒಬ್ಬ ನರ್ಸಮ್ಮ ಇರಲೇಬೇಕು, ಮಡಚಿದ ಪರದೆ ಇರಲೇಬೇಕು ಎಂದಾಯಿತು. ಹೊಸಬರಿಗೆ ನಾನು ಕಲಿಸಿದ ಮೊದಲ ಪಾಠ, ಯಾಕೆ ಬರುವುದಿಲ್ಲ ಎಂದು ಕೇಳಬೇಡಿ, ಬಂದರೆ ಏನಾಗುತ್ತದೆಂಬ ಭಯ ಎಂದು ಕೇಳಿ. ಸುಧಾಕರ ಈಗ ಆಂಬುಲೆನ್ಸಿನ ಹೊಸಬರಿಗೆ ತರಬೇತಿ ಕೊಡುತ್ತಾನೆ. ಹೊಸ್ತಿಲಲ್ಲಿ ನಿಂತು "ಬರಬಹುದಾ" ಎಂದು ಕೇಳುವುದನ್ನು ಎಲ್ಲದಕ್ಕೂ ಮೊದಲು ಹೇಳಿಕೊಡುತ್ತಾನಂತೆ.

ಗೋಡೆಯ ಪೋಸ್ಟರಿನ ಬದಲು ಬೀಫಾತಿಮ್ಮನೇ ಬ್ಯಾರಿಯಲ್ಲಿ ಒಂದು ಧ್ವನಿಸಂದೇಶ ಮಾಡಿಕೊಟ್ಟರು. ಕಾಲು ಊದಿದರೆ, ತಲೆ ಸಿಡಿದರೆ, ಕಣ್ಣಿಗೆ ಬಿಳಿ ಕಂಡರೆ ಅತ್ತೆಯಂದಿರೇ ಬ್ಯಾಗು ಕಟ್ಟಿ ಎಂದು ಶುರುವಾಗುತ್ತದೆ ಅದು. ಮೂಳೂರು, ಉಚ್ಚಿಲ, ಕಾರ್ಕಳದವರೆಗೂ ಹೋಯಿತು. ಮುಂದಿನ ಮಳೆಗಾಲದಲ್ಲಿ ಒಬ್ಬ ಅತ್ತೆ ಸೊಸೆಯನ್ನು ತಾನೇ ಕರೆದುಕೊಂಡು ಬಂದು, "ಬೀಫಾತಿಮ್ಮ ಹೇಳಿದ್ದಾರೆ, ಬೇಗ ನೋಡಿ" ಎಂದು ಡಾಕ್ಟರಮ್ಮನಿಗೇ ಆಜ್ಞೆ ಮಾಡಿದರು. ಗೆದ್ದೆವು ಎಂದು ಅಂದುಕೊಂಡೆ. ಈ ಕೆಲಸದಲ್ಲಿ ಹಾಗೆ ಅಂದುಕೊಳ್ಳುವ ದಿನಗಳು ಹೆಚ್ಚಿಲ್ಲ, ಬಂದಾಗ ಸಂಕೋಚಪಡಬಾರದು.

ಆದರೆ ಆ ಹೆರಿಗೆಯ ನಂತರ ನನ್ನ ನಿದ್ದೆ ಕೆಟ್ಟಿತು. ಕಣ್ಣು ಮುಚ್ಚಿದರೆ ದವಡೆಯ ಸದ್ದು. ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದು ಎದ್ದು ಕೂರುತ್ತಿದ್ದೆ. ನನ್ನ ಗಂಡ ಲಾರೆನ್ಸ್ ನೀರು ಕೊಟ್ಟು, "ಅವಳು ಬದುಕಿದ್ದಾಳಲ್ಲ ಫ್ಲೋರಾ" ಎನ್ನುತ್ತಿದ್ದ. ಅದು ನನಗೂ ಗೊತ್ತಿತ್ತು. ಹಗಲಿನಲ್ಲಿ ಮಗುವನ್ನು ಶಿಶು ವಿಭಾಗದ ಗಾಜಿನಾಚೆ ನೋಡಿ ಬರುತ್ತಿದ್ದೆ, ರಾತ್ರಿ ಅದೇ ಸೇತುವೆ.

ಮಗು ಮೈ ತುಂಬಿಕೊಂಡು ಮನೆಗೆ ಹೋದ ಮೇಲೆ ನಸೀಮಾ ಬಾಣಂತನಕ್ಕೆ ಕಾರ್ಕಳದ ತಾಯಿಮನೆಗೆ ಬಂದಳು. ನನ್ನನ್ನು ಊಟಕ್ಕೆ ಕರೆದಳು. ಬಿಳಿ ಬಟ್ಟೆಯಲ್ಲೇ ಇದ್ದಳು. ಇದ್ದತ್ ಮುಗಿದಿದೆ, ಬಣ್ಣ ಉಡಬಹುದು, ಮನಸ್ಸು ಬಂದಾಗ ಉಡುತ್ತೇನೆ ಎಂದು ಅವಳೇ ಹೇಳಿದಳು. ಊಟವಾದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೇಳಿದಳು. "ಮೇಡಂ, ಸೇತುವೆಯಲ್ಲಿ ನನಗೆ ಎಂತ ಆದದ್ದು? ಅತ್ತೆ ಹೇಳುದಿಲ್ಲ. ನೀವು ಹೇಳಿ."

ಅದುವರೆಗೆ ನಾನು ಯಾರಿಗೂ ಪೂರ್ತಿ ಹೇಳಿರಲಿಲ್ಲ. ಅರ್ಧದಲ್ಲಿ ನಿಂತ ಮಾತಿನಿಂದ ಮಾಸ್ಕಿನ ಮಂಜಿನವರೆಗೆ ಎಲ್ಲವನ್ನೂ ಹೇಳಿದೆ. ಹೇಳುತ್ತಾ ನನಗೇ ಅಳು ಬಂತು. ಅವಳು ಮಗುವಿನ ಬೆನ್ನು ತಟ್ಟುತ್ತಾ, ಬೇರೆ ಯಾರದೋ ಕಥೆ ಕೇಳುವ ಹಾಗೆ ಕೇಳಿದಳು.

"ನನಗೆ ಒಂದೂ ನೆನಪಿಲ್ಲ ಮೇಡಂ. ಗಾಡಿ ಹತ್ತಿದ್ದು ನೆನಪುಂಟು, ಮತ್ತೆ ಇವಳ ಮುಖ. ನಡುವೆ ಎಂತದೂ ಇಲ್ಲ." ನನ್ನ ಕಡೆ ತಿರುಗಿ, "ಪಾಪ, ಅದೆಲ್ಲ ನಿಮಗೆ ಮಾತ್ರ ಆದದ್ದಲ್ವಾ" ಎಂದಳು. ಮಗುವನ್ನು ನನ್ನ ಮಡಿಲಿಗೆ ಹಾಕಿ ನನಗೆ ಚಹಾ ತರಲು ಒಳಗೆ ಹೋದಳು.

ಅವತ್ತು ರಾತ್ರಿ ಬೇಗ ಮಲಗಿದೆ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು ಏರಿತ್ತು, ಇಗರ್ಜಿಯ ಬೆಳಗಿನ ಪೂಜೆ ಮುಗಿಸಿ ಜನ ಮನೆಗೆ ಮರಳುವ ಮಾತು ಕೇಳುತ್ತಿತ್ತು. ಲಾರೆನ್ಸ್ ಬಾಗಿಲಲ್ಲಿ ನಿಂತಿದ್ದ.

"ಎಬ್ಬಿಸ್ಲಿಕ್ಕೆ ಮನಸ್ಸು ಬರಲಿಲ್ಲ" ಎಂದ.